ಅಜ್ಜನ ಬೀಜದ ಬಾಟಲಿ, ಅಪ್ಪೆಮರ, ಕಾನಿನ ತಿಳಿವಳಿಕೆ: ಉಳಿಸಿಕೊಳ್ಳುವುದು ಎಲ್ಲಿಂದ ಶುರು?

ಹೊಳೆದಂಡೆ (ಪ್ರಶ್ನೆ)

ನಮ್ಮ ಕೇರಿಯ ಹಿರಿಯ ಕೃಷಿಕರೊಬ್ಬರು ಏಪ್ರಿಲ್‌ನಲ್ಲಿ ತೀರಿಕೊಂಡರು. ಸಾಗರದ ಕಡೆಯ ಮಲೆನಾಡು. ಊರಿಗೆಲ್ಲ ಅವರು ಅಜ್ಜ. ಗದ್ದೆಯಲ್ಲಿ ನಾಡತಳಿ ಭತ್ತ, ಹಿತ್ತಲಲ್ಲಿ ಲೆಕ್ಕಕ್ಕೆ ಸಿಗದಷ್ಟು ಬಗೆಯ ತರಕಾರಿ, ಮಳೆ ಹಿಡಿಯಿತೆಂದರೆ ಕಾನಿನಿಂದ (ದಟ್ಟ ಕಾಡಿನಿಂದ) ಕಳಲೆ (ಎಳೆ ಬಿದಿರಿನ ಮೊಳಕೆ), ಮರಗೆಸು (ಮರದ ಮೇಲೆ ಬೆಳೆಯುವ ಕೆಸು), ಅಣಬೆ, ಬೇಸಿಗೆಯಲ್ಲಿ ಮುರುಗಲು (ಕೋಕಂ). ಬೆಳೆಯುವುದು, ಹುಡುಕಿ ತರುವುದು, ಹಂಚಿ ತಿನ್ನುವುದು, ಇದೇ ಅವರ ಬದುಕಾಗಿತ್ತು.

ವರ್ಷಾಂತಿಕದ ಹೊತ್ತಿಗೆ ಅವರ ನೆನಪಿನ ಒಂದು ಚಿಕ್ಕ ಪುಸ್ತಕ ತರಬೇಕು ಅಂತ ಮನೆಯವರೂ ಕೇರಿಯವರೂ ಮಾತಾಡಿಕೊಂಡಿದ್ದೇವೆ. ಸದ್ಯ ಮನೆಯಲ್ಲಿ ಇರುವುದು ಇಷ್ಟು: ಅಡುಗೆಮನೆ ಅಟ್ಟದ ಮೇಲೆ ಬೀಜ ತುಂಬಿದ 43 ಬಾಟಲಿ, ಡಬ್ಬಿ, ಅರ್ಧಕ್ಕೆ ಚೀಟಿಯೇ ಇಲ್ಲ. ಮೂರು ಚೀಲ ಬಿತ್ತನೆ ಭತ್ತ. ಒಲೆಯ ಮೇಲೆ ತೂಗುಹಾಕಿದ ಹೀರೆ, ಸೋರೆ. ಬೆಟ್ಟದಲ್ಲಿ ಎರಡು ಅಪ್ಪೆಮರ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಿಡಿಮಾವು), ಅದರಲ್ಲೊಂದಕ್ಕೆ ಕಾಂಡ ಕೊರೆಯುವ ಹುಳು ಬಿದ್ದಿದೆ. ಹಿತ್ತಲಲ್ಲಿ ಒಂದು ಹಲಸು, ನಾಲ್ಕು ಮುರುಗಲು. ಆರು ಹಳೆ ಡೈರಿ. ಅಜ್ಜಿ ಗಟ್ಟಿಯಾಗಿದ್ದಾರೆ, ಎಲ್ಲ ನೆನಪಿದೆ. ಮಗ ಬೆಂಗಳೂರಿನಲ್ಲಿ. ಬರುವ ವರ್ಷ ಗದ್ದೆಗೆ ಅಡಿಕೆ ಹಾಕುವ ಮಾತು ನಡೆದಿದೆ.

ಈಗ ಮೇ ಕೊನೆಯ ವಾರ, ಇನ್ನು ಹದಿನೈದು ದಿನದಲ್ಲಿ ಮಳೆ. ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಬೀಜ ಬದುಕಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಾಡಿನ ತಿನಿಸುಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆಯನ್ನು ಪುಸ್ತಕಕ್ಕೆ ಇಳಿಸುವುದು ಹೇಗೆ? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.


ಬೀಜಬುಟ್ಟಿ

ಪುಸ್ತಕಕ್ಕೆ ಇನ್ನೂ ಹನ್ನೊಂದು ತಿಂಗಳಿದೆ. ಬೀಜಕ್ಕೆ ಅಷ್ಟು ಪುರುಸೊತ್ತಿಲ್ಲ. ಯಾವುದು ಮೊದಲು ಕೆಡುತ್ತದೋ ಅದಕ್ಕೆ ಮೊದಲು ಕೈಹಾಕಿ: ಬೀಜ, ಆಮೇಲೆ ಕಸಿ ಕಡ್ಡಿ, ಜೊತೆಜೊತೆಗೇ ಅಜ್ಜಿಯ ಮಾತು. ಡೈರಿ ಇಷ್ಟು ವರ್ಷ ಉಳಿದಿದೆ, ಇನ್ನೆರಡು ತಿಂಗಳು ಕಾಯುತ್ತದೆ.

ಬಾಟಲಿಗಳನ್ನು ಅಟ್ಟದಿಂದ ಇಳಿಸುವ ಮೊದಲೇ ಇದ್ದ ಜಾಗದಲ್ಲೇ ಒಂದು ಫೋಟೋ ತೆಗೆಯಿರಿ. ಒಲೆಯ ನೇರಕ್ಕೆ ಯಾವುದಿತ್ತು, ಮೂಲೆಯಲ್ಲಿ ಯಾವುದಿತ್ತು ಎನ್ನುವುದೂ ಮಾಹಿತಿಯೇ. ಹೊಗೆ ತಾಗುವಲ್ಲಿ ಇಟ್ಟದ್ದು ಸಾಮಾನ್ಯವಾಗಿ ಮುಂದಿನ ಹಂಗಾಮಿಗೆ ಬೇಕಾದ ಬೀಜ. ಆಮೇಲೆ 1ರಿಂದ 43ರವರೆಗೆ ನಂಬರು ಅಂಟಿಸಿ. ಬಾಟಲಿಯ ಮೈಗೆ ಅಂಟಿಸಿ, ಮುಚ್ಚಳಕ್ಕಲ್ಲ. ಮುಚ್ಚಳ ಅದಲುಬದಲಾಗಿಯೇ ಆಗುತ್ತದೆ. ಪೆನ್ಸಿಲ್ಲಿನಲ್ಲಿ ನಂಬರು ಬರೆದ ಒಂದು ಚೀಟಿ ಒಳಗೂ ಇರಲಿ. ಒಂದೇ ಥರ ಕಾಣುತ್ತವೆ ಅಂತ ಎರಡು ಬಾಟಲಿಯ ಬೀಜವನ್ನು ಒಂದಕ್ಕೆ ಸುರಿಯಬೇಡಿ. ನೋಡಲು ಒಂದೇ ಆದ ಬದನೆ ಬೀಜದಲ್ಲಿ ಒಂದು ಗುಳ್ಳವಿರಬಹುದು, ಇನ್ನೊಂದು ಉದ್ದದ ಬದನೆ. ಗುಲಾಬಿ ಅಥವಾ ನೀಲಿ ಬಣ್ಣ ಬಳಿದ ಬೀಜ ಸಿಕ್ಕರೆ ಅದು ಅಂಗಡಿಯದು, ಔಷಧ ಹಚ್ಚಿದ್ದು. ಅದನ್ನು ಬೇರೆ ಇಡಿ.

ಚೀಟಿ ಇಲ್ಲದವನ್ನು ಒಂದೊಂದಾಗಿ ಅಜ್ಜಿಯ ಕೈಗೆ ಕೊಟ್ಟು ಕೇಳಿ. ದಿನಕ್ಕೆ ಎಂಟು ಹತ್ತು ಸಾಕು. "ಇದೇನು?" ಅಂತ ಮಾತ್ರ ಕೇಳಿದರೆ "ಸೌತೆ" ಅಂದುಬಿಡುತ್ತಾರೆ. "ಇದರ ಕಾಯಿ ಯಾವ ಅಡುಗೆಗೆ? ಯಾವ ಮಳೆಗೆ ಹಾಕೋದು? ಬೀಜ ಯಾರ ಮನೆಯಿಂದ ಬಂತು?" ಅಂತ ಕೇಳಿದರೆ ಆ ಬೀಜದ ಇತಿಹಾಸವೇ ಸಿಗುತ್ತದೆ. ಹಿತ್ತಲ ಬೀಜ ಆರಿಸಿ ಒಣಗಿಸಿ ಎತ್ತಿಡುವುದು ಬಹಳ ಮನೆಗಳಲ್ಲಿ ಹೆಂಗಸರ ಕೆಲಸ. ಪುಸ್ತಕ ಅಜ್ಜನದಾದರೂ ಈ ಭಾಗಕ್ಕೆ ಅಜ್ಜಿಯ ಹೆಸರು ಹಾಕುವುದು ನ್ಯಾಯ.

ಈಗ ತೇವದ ವಿಚಾರ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವ ಶೇ 85–90 ದಾಟುತ್ತದೆ. ಬೀಜ ಆ ತೇವವನ್ನು ಹೀರಿಕೊಳ್ಳುತ್ತದೆ. ಬೀಜಶಾಸ್ತ್ರದಲ್ಲಿ ಒಂದು ಲೆಕ್ಕವಿದೆ: ಬೀಜದ ತೇವ ಶೇ 1ರಷ್ಟು ಇಳಿದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ (ತೇವ ಶೇ 5ರಿಂದ 14ರ ನಡುವೆ ಇದ್ದಾಗ ಈ ಲೆಕ್ಕ ಹೊಂದುತ್ತದೆ). ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಇಳಿದರೂ ಹಾಗೆಯೇ. ಆದ್ದರಿಂದ ಮಳೆ ಬೀಳುವ ಮೊದಲೇ ಪರೀಕ್ಷೆ ಮುಗಿಸಿ, ಮುಚ್ಚಿ ಇಡಬೇಕು. ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಬೀಜ, ಒಂದು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ ಹೆಚ್ಚಿದೆ, ಇನ್ನೂ ಒಣಗಬೇಕು. ಉಪ್ಪು ಸಡಿಲವಾಗಿ ಉದುರಿದರೆ ಭತ್ತಕ್ಕೆ ಸಾಕು. ತರಕಾರಿ ಬೀಜ ಅದಕ್ಕಿಂತಲೂ ಒಣಗಿರಬೇಕು, ಶೇ 8ರ ಹತ್ತಿರಕ್ಕೆ.

ಒಣಗಿಸಲು ನಡು ಮಧ್ಯಾಹ್ನದ ಬಿಸಿಲಿಗೆ ತಗಡಿನ ಮೇಲೆ ಹರವಬೇಡಿ. ಬೀಜಕ್ಕೆ 40 ಡಿಗ್ರಿ ದಾಟಿದ ಕಾವು ಒಳ್ಳೆಯದಲ್ಲ. ಬೆಳಗ್ಗೆ ಹತ್ತರೊಳಗಿನ ಬಿಸಿಲು, ಮೊರದ ಮೇಲೆ ಹತ್ತಿಬಟ್ಟೆ ಹಾಸಿ. ಮಳೆ ಶುರುವಾಗಿಬಿಟ್ಟರೆ ಹುರಿದ ಅಕ್ಕಿಯ ಉಪಾಯ ಮಾಡಿ. ಅಕ್ಕಿಯನ್ನು ಸಣ್ಣ ಉರಿಯಲ್ಲಿ ಕೆಂಪಾಗುವ ಮುಂಚಿನವರೆಗೆ ಹುರಿದು, ಬಿಸಿ ಇರುವಾಗಲೇ ಗಾಳಿಯಾಡದ ಬಾಟಲಿಗೆ ಅರ್ಧದಷ್ಟು ತುಂಬಿ ಮುಚ್ಚಿ. ಪೂರ್ತಿ ಆರಿದ ಮೇಲೆ ಬೀಜವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಅಕ್ಕಿಯ ಮೇಲಿಟ್ಟು ಎರಡು ವಾರ ಬಿಡಿ. ಆರುವ ಮೊದಲೇ ಇಟ್ಟರೆ ಬೀಜ ಬೆಂದುಹೋಗುತ್ತದೆ. ಎರಡು ವಾರದ ಮೇಲೆ ಬೀಜವನ್ನು ಬೇರೆ ಒಣ ಬಾಟಲಿಗೆ ತುಂಬಿ ಮುಚ್ಚಳದ ಸುತ್ತ ಮೇಣ ಹಚ್ಚಿ. ತೂಗುಹಾಕಿದ ಹೀರೆ, ಸೋರೆ ಒಡೆಯಲು ಹೋಗಬೇಡಿ. ಸಿಪ್ಪೆಯೊಳಗೆ ಒಣಗಿ ಕೂತ ಬೀಜಕ್ಕೆ ಅದಕ್ಕಿಂತ ಒಳ್ಳೆಯ ಡಬ್ಬಿ ಇಲ್ಲ. ಬಿತ್ತುವ ದಿನ ಒಡೆದರಾಯಿತು.

ಮೊಳಕೆ ಪರೀಕ್ಷೆಗೆ ಪ್ರತಿ ಬಾಟಲಿಯಿಂದ 25 ಬೀಜ ಸಾಕು, ತೀರಾ ಕಡಿಮೆ ಇದ್ದರೆ 10. ಆರಿಸಿ ತೆಗೆಯಬೇಡಿ, ಕಣ್ಣುಮುಚ್ಚಿ ತೆಗೆದಂತಿರಲಿ. ಹಳೆ ಹತ್ತಿಬಟ್ಟೆ ನೆನೆಸಿ, ಇನ್ನು ತೊಟ್ಟಿಕ್ಕದು ಅನ್ನುವಷ್ಟು ಹಿಂಡಿ. ಅದರ ಮೇಲೆ ಬೀಜಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು ಸುರುಳಿ ಸುತ್ತಿ, ನಂಬರು ಕಟ್ಟಿ, ಪ್ಲಾಸ್ಟಿಕ್ ಕವರಿನಲ್ಲಿ ಬಾಯಿ ಸಡಿಲ ಬಿಟ್ಟು ನೆರಳಲ್ಲಿಡಿ. ನೀರು ಹೆಚ್ಚಾದರೆ ಬೂಸ್ಟು ಬಂದು ಒಳ್ಳೆಯ ಬೀಜವೂ ಕೊಳೆಯುತ್ತದೆ. ಈ ಪರೀಕ್ಷೆಯಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದೇ. ಸೌತೆಗೆ 8 ದಿನ. ಭತ್ತ, ಬದನೆ, ಮೆಣಸು, ಹೀರೆಗೆ 14 ದಿನ. ಬೆಂಡೆಗೆ 21 ದಿನ ಕಾಯಿರಿ. ಬಿಳಿ ಬೇರು ಮಾತ್ರ ಹೊರಟದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇರು, ಚಿಗುರು ಎರಡೂ ಸರಿಯಾಗಿ ಬಂದಿರಬೇಕು.

ಶೇ 80 ದಾಟಿದರೆ ಆ ಬೀಜ ಈ ವರ್ಷ ಸ್ವಲ್ಪ ಬಿತ್ತಿ, ಉಳಿದದ್ದು ಇಡಬಹುದು. 50ರಿಂದ 80 ಇದ್ದರೆ ಈ ಮಳೆಗಾಲದಲ್ಲೇ ಬಿತ್ತಿ ಹೊಸ ಬೀಜ ಮಾಡಿಕೊಳ್ಳಿ. ಅದಕ್ಕಿಂತ ಕಡಿಮೆ ಇದ್ದರೆ ಏನೂ ಉಳಿಸಿಕೊಳ್ಳದೆ ಅಷ್ಟನ್ನೂ ಹಾಕಿ.

ಭತ್ತದ ವಿಷಯಕ್ಕೆ ಬಂದರೆ, ಡಿಸೆಂಬರಿನಲ್ಲಿ ಕೊಯ್ದ ಭತ್ತ ಈಗ ಚೆನ್ನಾಗಿಯೇ ಇರುತ್ತದೆ. ಈ ಮಳೆಗಾಲ ಚೀಲದಲ್ಲೇ ಕಳೆದರೆ ಮುಂದಿನ ವರ್ಷಕ್ಕೆ ಭರವಸೆ ಇಲ್ಲ. ಗದ್ದೆ ಅಡಿಕೆ ತೋಟವಾಗುವುದಾದರೆ ಇದೇ ಕೊನೆಯ ನಾಟಿ. ತಳಿ ಉಳಿಸಲು ಎಕರೆಗಟ್ಟಲೆ ಬೇಕಿಲ್ಲ. 100 ಗ್ರಾಂ ಭತ್ತದಲ್ಲಿ ಸುಮಾರು 4,000 ಕಾಳು. ಶೇ 80 ಹುಟ್ಟಿದರೆ 3,200 ಅಗೆ (ಸಸಿ). ಒಂದೊಂದೇ ಅಗೆಯನ್ನು 20 ಸೆಂ.ಮೀ. ಅಂತರಕ್ಕೆ ನೆಟ್ಟರೆ ಒಂದೂಕಾಲು ಗುಂಟೆ ಸಾಕು. ಒಂದೊಂದೇ ನೆಡುವುದು ಏಕೆಂದರೆ ಬೆರಕೆ ಗಿಡ ಆಗ ಮಾತ್ರ ಕಣ್ಣಿಗೆ ಬೀಳುತ್ತದೆ. ಬೇರೆ ತಳಿಯಿಂದ 3 ಮೀಟರ್ ದೂರವಿರಲಿ. ತೆನೆ ಹೊರಟಾಗ ಒಮ್ಮೆ, ಹಣ್ಣಾಗುವಾಗ ಒಮ್ಮೆ ಇಳಿದು ಎತ್ತರ, ಕಾಳಿನ ಮೀಸೆ, ಹೊಟ್ಟಿನ ಬಣ್ಣ ನೋಡಿ ಬೆರಕೆ ಕೀಳಿ. ಹಾಗಂತ ಎಲ್ಲ ಗಿಡವೂ ಅಚ್ಚು ಹಾಕಿದ ಹಾಗಿರಬೇಕೆಂದು ಕೀಳುತ್ತ ಹೋಗಬೇಡಿ. ನಾಡತಳಿಯೊಳಗೆ ಸ್ವಲ್ಪ ಹೆಚ್ಚುಕಡಿಮೆ ಇರುವುದೇ ಅದರ ಬಲ. ಬೀಜಕ್ಕೆ ಅಂಚಿನ ಎರಡು ಸಾಲು ಬಿಟ್ಟು ನಡುಗದ್ದೆಯ ತೆನೆ ಆರಿಸಿ.

ಹಿತ್ತಲಲ್ಲಿ ಕುಂಬಳ ಕುಂಬಳದ ಜೊತೆ, ಹೀರೆ ಹೀರೆಯ ಜೊತೆ ಪರಾಗ ಬೆರೆಸಿಕೊಳ್ಳುತ್ತವೆ. ಒಂದೇ ಜಾತಿಯ ಎರಡು ತಳಿ ಇದ್ದರೆ ಕೈಯಿಂದಲೇ ಪರಾಗ ಹಾಕಬೇಕು. ನಾಳೆ ಅರಳುವ ಒಂದು ಹೆಣ್ಣು ಹೂವು, ಎರಡು ಗಂಡು ಹೂವಿನ ತುದಿಗೆ ಹಿಂದಿನ ದಿನವೇ ದಾರ ಕಟ್ಟಿ. ಅರಳುವ ಹೊತ್ತಿಗೆ ಬಿಚ್ಚಿ, ಗಂಡು ಹೂವಿನ ದಳ ಕಿತ್ತು ಹೆಣ್ಣಿನ ನಡುವಿಗೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರ. ಕುಂಬಳ, ಸೌತೆ ಬೆಳಗ್ಗೆ ಅರಳುತ್ತವೆ; ಹೀರೆ, ಸೋರೆ ಅರಳುವುದು ಸಂಜೆ. ಹೀರೆಗೆ ಬೆಳಗ್ಗೆ ಹೋದರೆ ಕೆಲಸವಾಗದು. ಅಲಸಂದೆ, ಅವರೆಗೆ ಈ ತಾಪತ್ರಯ ಕಡಿಮೆ. ಮೆಣಸು, ಬದನೆಗೆ ಮೊಗ್ಗಿರುವ ಕೊಂಬೆಗೆ ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ತೆಗೆದು ಗುರುತು ಮಾಡಿದರೆ ಸಾಕು.


ಕಸಿಕಡ್ಡಿ

ಮೇಲಿನವರು ಹೇಳಿದ ಒಣಗಿಸುವ ಮಾತು ಹಲಸು, ಮಾವು, ಮುರುಗಲು, ಉಪ್ಪಾಗೆ (ಮುರುಗಲಿನ ಬಳಗದ ಹುಳಿಕಾಯಿ), ನೇರಳೆಗೆ ಹೊಂದುವುದಿಲ್ಲ. ಇವು ಒಣಗಿದರೆ ಸಾಯುವ ಬೀಜಗಳು, ಬಾಟಲಿಯಲ್ಲಿ ಇಡುವ ಹಾಗೇ ಇಲ್ಲ. ಅಟ್ಟದ ಮೇಲೆ ಇಂಥ ಬೀಜ ಒಣಗಿ ಕೂತಿದ್ದರೆ ಅದರ ಆಸೆ ಬಿಡಿ. ಹಾಗೊಂದು ವೇಳೆ ಬೀಜ ಹುಟ್ಟಿದರೂ ಅಪ್ಪೆಯ ಬೀಜದಿಂದ ಅದೇ ಅಪ್ಪೆ ಬರುತ್ತದೆ ಎನ್ನುವಂತಿಲ್ಲ. ಮರ ಉಳಿಯಬೇಕಾದರೆ ಕಸಿಯೇ ದಾರಿ.

ಹುಳು ಬಿದ್ದ ಅಪ್ಪೆಮರಕ್ಕೆ ಮೊದಲ ಸರದಿ. ಈಗ ಕಾಟುಮಾವಿನ ಹಣ್ಣು ಬೀಳುವ ಕಾಲ. ನೂರು ಗೊರಟು ಆರಿಸಿ, ತೊಳೆದು, ನೆರಳಲ್ಲಿ ಒಂದೆರಡು ದಿನ ಆರಿಸಿ ಕೂಡಲೇ ತೊಟ್ಟೆಗೆ (ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ) ಹಾಕಿ. ತಿಂಗಳು ಕಳೆದರೆ ಹುಟ್ಟುವುದು ಬಹಳ ಕಡಿಮೆ. ಎರಡು ಮೂರು ವಾರದಲ್ಲಿ ಮೊಳಕೆ. ಎಲೆ ಇನ್ನೂ ತಾಮ್ರದ ಬಣ್ಣದಲ್ಲಿ, ದಂಟು ಕೆಂಪಗೆ ಇರುವಾಗ, ಅಂದರೆ ಹುಟ್ಟಿ 8ರಿಂದ 15 ದಿನದೊಳಗೆ ಕಸಿ ಕಟ್ಟಬೇಕು. ಜುಲೈಗೆ ಸರಿಹೋಗುತ್ತದೆ.

ಕಡ್ಡಿ ಹೇಗಿರಬೇಕು? ಮೂರು ನಾಲ್ಕು ತಿಂಗಳ ಬಲಿತ ಚಿಗುರು, ಬುಡದ ಸಸಿಯಷ್ಟೇ ದಪ್ಪ, 10ರಿಂದ 15 ಸೆಂ.ಮೀ. ಉದ್ದ, ಬಿಸಿಲು ಬೀಳುವ ಪಕ್ಕದ್ದು, ಈ ವರ್ಷ ಹೂ ಬಿಡದ ತುದಿ. ಕತ್ತರಿಸುವ 7ರಿಂದ 10 ದಿನ ಮೊದಲೇ ಮರದ ಮೇಲಿರುವಾಗಲೇ ಎಲೆ ಸವರಿ, ತೊಟ್ಟು ಮಾತ್ರ ಬಿಡಿ. ಆಗ ತುದಿಯ ಕಣ್ಣು ಉಬ್ಬುತ್ತದೆ. ತೊಟ್ಟು ಮುಟ್ಟಿದರೆ ಉದುರುತ್ತದೆ ಅನ್ನುವಾಗ ಕತ್ತರಿಸಿ, ಒದ್ದೆ ಬಟ್ಟೆಯಲ್ಲೋ ಬಾಳೆಪಟ್ಟೆಯಲ್ಲೋ ಸುತ್ತಿ ಅದೇ ದಿನ ಕಟ್ಟಿ. ಸಸಿಯ ತಲೆ ಕತ್ತರಿಸಿ ನಡುವೆ 3–4 ಸೆಂ.ಮೀ. ಸೀಳಿ, ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಕಡೆ ಒಂದೇ ಎಳೆತದಲ್ಲಿ ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಮೇಲೆ ಐಸ್‌ಕ್ಯಾಂಡಿ ಕವರ್ ಟೊಪ್ಪಿಯಂತೆ ತೊಡಿಸಿ ಬುಡದಲ್ಲಿ ಕಟ್ಟಿ. ಎರಡು ಮೂರು ವಾರದಲ್ಲಿ ಹಸಿರು ಚಿಗುರು ಕಂಡಾಗ ಟೊಪ್ಪಿ ತೆಗೆಯಿರಿ, ಬುಡದ ಸಸಿಯ ಚಿಗುರು ಬಂದಲ್ಲಿ ಚಿವುಟಿ. ಕೆಡುವುದು ಮೂರು ಕಾರಣಕ್ಕೆ: ಕೆತ್ತಿದ ಮುಖಕ್ಕೆ ಬೆರಳು ತಾಗಿದ್ದು, ಸೀಳಿನಲ್ಲಿ ಕಡ್ಡಿ ಒಂದು ಅಂಚಿಗೂ ತೊಗಟೆಗೆ ತೊಗಟೆ ಕೂಡದೆ ನಿಂತದ್ದು, ಟೊಪ್ಪಿಯೊಳಗೆ ಮಳೆನೀರು ಇಳಿದದ್ದು. ನಮ್ಮ ಮಳೆಗೆ ಮಾಡು (ಸೂರು) ಇಲ್ಲದೆ ಕಸಿ ಇಡಲೇಬಾರದು. 30 ಕಟ್ಟಿ, ಹತ್ತು ಉಳಿದರೂ ಮೂರು ಮನೆಗೆ ಹಂಚಬಹುದು.

ಮರ ಮುದುಕಾಗಿ ಚಿಗುರೇ ಇಲ್ಲವಾದರೆ ಒಂದು ಕೊಂಬೆಯನ್ನು ಈಗ ಸವರಿಬಿಡಿ. ಅಲ್ಲಿ ಬರುವ ಚಿಗುರು ಮುಂದಿನ ವರ್ಷ ಕಡ್ಡಿಗಾಗುತ್ತದೆ. ಹುಳುವಿನ ತೂತಿಗೆ ತಂತಿ ಹಾಕಿ ಹುಳು ಎಳೆದು, ಬಾಯಿಗೆ ಮಣ್ಣು ಮೆತ್ತಿ. ಒಂದು ವರ್ಷ ತಳ್ಳಲು ಅದು ಸಾಕಾಗಬಹುದು. ಇದು ಹೆಸರಾದ ತಳಿ ಅನಂತಭಟ್ಟನ ಅಪ್ಪೆಯ ಬಳಗದ್ದೋ ಬೇರೆಯದೋ ಈಗ ಮಿಡಿ ಇಲ್ಲದೆ ಹೇಳಲಾಗದು. ಉಪ್ಪಿನಲ್ಲಿ ಹಾಕಿದ ಮಿಡಿ ಅಜ್ಜಿಯ ಭರಣಿಯಲ್ಲಿ ಇದ್ದರೆ ಆಕಾರ, ಪರಿಮಳ, ತೊಟ್ಟಿನ ಉದ್ದ ಬರೆದಿಟ್ಟುಕೊಳ್ಳಿ. ಫೆಬ್ರವರಿ ಮಾರ್ಚಿನಲ್ಲಿ ಹೊಸ ಮಿಡಿ ಬಂದಾಗ ಅಳತೆಪಟ್ಟಿ ಪಕ್ಕ ಇಟ್ಟು ಫೋಟೋ ತೆಗೆಯಿರಿ.

ಮುರುಗಲಿಗೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿಯಲ್ಲಿ ಸುಮಾರು ಅರ್ಧ ಗಂಡಾಗುತ್ತವೆ, ಅದು ಗೊತ್ತಾಗಲು ಆರೇಳು ವರ್ಷ ಬೇಕು. ಈಗ ಹಣ್ಣಿರುವ ಮರಕ್ಕೆ ಬಣ್ಣದ ಗುರುತು ಹಾಕಿ, ಅದರಿಂದಲೇ ಕಡ್ಡಿ ತೆಗೆಯಿರಿ. ಮೇಲಕ್ಕೆ ನೆಟ್ಟಗೆ ಹೋಗುವ ಚಿಗುರೇ ಬೇಕು. ಪಕ್ಕದ ಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಜೀವಮಾನವಿಡೀ ಅಡ್ಡಕ್ಕೆ ಹಬ್ಬುತ್ತದೆ, ಮರವಾಗಿ ಏಳುವುದಿಲ್ಲ. ಹಾಗಂತ ಗಂಡು ಮರ ಕಡಿದುಹಾಕಬೇಡಿ, ಪರಾಗಕ್ಕೆ ಬೇಕು.


ಕಾನಹಾದಿ

ಕಾಡಿನ ತಿನಿಸಿನ ಭಾಗ ಬರೆಯುವಾಗ ಬಹಳ ಎಚ್ಚರ ಬೇಕು. ತಪ್ಪಾಗಿ ಬರೆದ ಒಂದು ಸಾಲು ಓದಿದವರ ಹೊಟ್ಟೆಗೆ ಹೋಗುತ್ತದೆ.

ಅಜ್ಜನ ಜೊತೆ ಕಾನಿಗೆ ಹೋಗುತ್ತಿದ್ದವರು ಯಾರು, ಅವರನ್ನು ಮೊದಲು ಹುಡುಕಿ. ಕೆಲಸಕ್ಕೆ ಬರುತ್ತಿದ್ದವರು, ದನ ಮೇಯಿಸುತ್ತಿದ್ದವರು. ಮನೆಯಲ್ಲಿ ಕೂರಿಸಿ ಕೇಳಿದರೆ ಐದು ಹೆಸರು ಹೇಳುವವರು ಕಾನಿನಲ್ಲಿ ನಡೆಯುತ್ತ ಐವತ್ತು ಹೇಳುತ್ತಾರೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ರೆಕಾರ್ಡ್ ಮಾಡಿ, ಒಂದು ಸಲಕ್ಕೆ ಅರ್ಧ ಮುಕ್ಕಾಲು ಗಂಟೆ. ಶುರುವಿನಲ್ಲೇ ತಾರೀಖು, ಜಾಗ, ಮಾತಾಡುವವರ ಹೆಸರು ನೀವೇ ಹೇಳಿಬಿಡಿ. ತಿಂಗಳು ಕೇಳಬೇಡಿ, ಮಳೆ ಕೇಳಿ. "ಜುಲೈಯಲ್ಲಿ ಏನು ಸಿಗುತ್ತೆ?" ಅಂದರೆ ಯೋಚಿಸುತ್ತಾರೆ, "ಆರಿದ್ರಾ ಮಳೆಗೆ ಏನು?" ಅಂದರೆ ಉತ್ತರ ತಡೆಯುವುದಿಲ್ಲ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8, ಆರಿದ್ರಾ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷ ಆಗಸ್ಟ್ 3. ಹೀಗೆ ನೀವು ಆಮೇಲೆ ಕೂರಿಸಿಕೊಳ್ಳಬಹುದು.

ಪ್ರತಿಯೊಂದಕ್ಕೂ ಬರೆಯಬೇಕಾದ್ದು: ಮನೆಯಲ್ಲಿ ಕರೆಯುವ ಹೆಸರು, ಪಕ್ಕದ ಊರಿನ ಹೆಸರು, ಯಾವ ಭಾಗ, ಎಷ್ಟು ಎಳತು, ಎಷ್ಟು ತೆಗೆದು ಎಷ್ಟು ಬಿಡುತ್ತಿದ್ದರು, ಅಡುಗೆಗೆ ಮೊದಲು ಏನು ಮಾಡುತ್ತಿದ್ದರು, ಯಾರಿಗೆ ಕೊಡುತ್ತಿರಲಿಲ್ಲ. ಕೊನೆಯದನ್ನು ಮರೆಯದೆ ಕೇಳಿ. ಬಾಣಂತಿಗೆ ಬೇಡ, ಮಕ್ಕಳಿಗೆ ಬೇಡ ಅನ್ನುವ ಮಾತಿನ ಹಿಂದೆ ಸಾಮಾನ್ಯವಾಗಿ ಕಾರಣವಿರುತ್ತದೆ.

ಉದಾಹರಣೆಗೆ ಕಳಲೆ. "ನೆನೆಸಿ ಬೇಯಿಸಿ" ಅಂತ ಒಂದು ಸಾಲು ಬರೆದರೆ ಸಾಲದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಒಂದು, ಒಂದೂವರೆ ಅಡಿಯ ಮೊಳಕೆಯ ಸಿಪ್ಪೆ ಸುಲಿದು, ಉಗುರು ಇಳಿಯುವ ಎಳೆಯ ಭಾಗವನ್ನಷ್ಟೇ ತೆಳುವಾಗಿ ಹೆಚ್ಚಬೇಕು. ದಪ್ಪ ತುಂಡಾದರೆ ಒಳಗಿನ ವಿಷ ನೀರಿಗೆ ಇಳಿಯುವುದಿಲ್ಲ. ಮುಳುಗುವಷ್ಟು ನೀರಿನಲ್ಲಿ ಮೂರು ದಿನ ನೆನೆಸಿ ದಿನಾ ನೀರು ಬದಲಿಸಬೇಕು. ಆಮೇಲೆ ತೆರೆದ ಪಾತ್ರೆಯಲ್ಲಿ ಕುದಿಸಿ ಆ ನೀರು ಚೆಲ್ಲಬೇಕು. ಮುಚ್ಚಳ ಹಾಕಬಾರದು, ಆವಿಯಾಗಿ ಹೋಗಬೇಕಾದ್ದು ಹೋಗಬೇಕು. ಕುಕ್ಕರಿನಲ್ಲಿ ನೇರ ಬೇಯಿಸುವ ಇವತ್ತಿನ ಅಭ್ಯಾಸಕ್ಕೆ ಪುಸ್ತಕದಲ್ಲಿ ಸ್ಪಷ್ಟವಾಗಿ ಬೇಡ ಅನ್ನಿ. ಒಂದು ಮೆಳೆಯಿಂದ ಎಷ್ಟು ಮೊಳಕೆ ತೆಗೆಯುತ್ತಿದ್ದರು, ಎಷ್ಟು ಬಿಡುತ್ತಿದ್ದರು ಎನ್ನುವುದೂ ಇರಲಿ. ಆ ವರ್ಷದ ಮೊಳಕೆಯೆಲ್ಲ ತೆಗೆದರೆ ಮೆಳೆ ಸೊರಗುತ್ತದೆ.

ಮರಗೆಸುವಿನ ತುರಿಕೆಗೆ ಕಾರಣ ಎಲೆಯೊಳಗಿನ ಸೂಜಿಯಂಥ ಆಕ್ಸಲೇಟ್ ಹರಳು. ಹುಣಸೆಯೋ ವಾಟೆಹುಳಿಯೋ ಧಾರಾಳವಾಗಿ ಹಾಕಿ ಬಹಳ ಹೊತ್ತು ಬೇಯಿಸುವುದು ಅದಕ್ಕೇ. ಅರ್ಧ ಗಂಟೆಯ ಹಬೆ ಸಾಲದೆ ಗಂಟಲು ಕೆರೆದರೆ ತಪ್ಪು ಅಡುಗೆಯದು, ಎಲೆಯದ್ದಲ್ಲ.

ಅಣಬೆಯನ್ನು ಪುಸ್ತಕದಲ್ಲಿ ನೋಡಿ ತಿನ್ನುವಂತೆ ಬರೆಯಲೇಬೇಡಿ. ಹುತ್ತದ ಅಣಬೆಗೆ ಟೊಪ್ಪಿಯ ನಡುವೆ ಮೊನಚು ಗುಬುಟು ಇರುತ್ತದೆ. ದೊಡ್ಡ ಬಗೆಗಳಲ್ಲಿ ಕಾಲು ಬೇರಿನಂತೆ ನೆಲದೊಳಗೆ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ, ಬುಡದಲ್ಲಿ ಬಟ್ಟಲಿನಂಥ ಚೀಲ ಇರುವುದಿಲ್ಲ. ಟೊಪ್ಪಿಯನ್ನು ಬಿಳಿ ಕಾಗದದ ಮೇಲೆ ರಾತ್ರಿಯಿಡೀ ಕವುಚಿಟ್ಟರೆ ನಸುಗುಲಾಬಿ ಪುಡಿ ಬೀಳುತ್ತದೆ. ಹಸಿರು ಛಾಯೆ ಬಿದ್ದರೆ ಅದು ವಾಂತಿ ಭೇದಿ ಮಾಡಿಸುವ ಬೇರೆ ಅಣಬೆ. ಇಷ್ಟಿದ್ದರೂ ಬಲ್ಲವರು ಕೈಯಲ್ಲಿ ಹಿಡಿದು ಹೇಳದೆ ತಿನ್ನಬಾರದು. ಬೆಳ್ಳಿ ಚಮಚ ಕಪ್ಪಾಗುತ್ತದೆ, ಅರಿಸಿನ ಹಾಕಿದರೆ ಬಣ್ಣ ತಿರುಗುತ್ತದೆ, ಹುಳು ತಿಂದದ್ದು ನಾವೂ ತಿನ್ನಬಹುದು, ಈ ಮೂರೂ ಸುಳ್ಳು. ತೀರಾ ಕೆಟ್ಟ ಅಣಬೆಯ ಲಕ್ಷಣ ತೋರುವುದು ತಿಂದ 6 ಗಂಟೆ ಕಳೆದ ಮೇಲೆ. ಒಂದು ದಿನ ವಾಂತಿ ನಿಂತು ಹುಷಾರಾದಂತೆ ಕಂಡು, ಆಮೇಲೆ ಲಿವರ್ ಕೈಕೊಡುತ್ತದೆ. ಅನುಮಾನ ಬಂದರೆ ಉಳಿದ ಅಣಬೆಯನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಈ ನಾಲ್ಕು ಸಾಲು ಅಣಬೆಯ ಪುಟದಲ್ಲಿ ಇರಲೇಬೇಕು.

ಹೆಸರಿನ ಗೊಂದಲ ತಪ್ಪಿಸಲು ಗಿಡದ ಮಾದರಿ ಒತ್ತಿಡಿ. ಹೂವೋ ಕಾಯಿಯೋ ಇರುವ ಒಂದು ಟೊಂಗೆ, ಒಂದು ಎಲೆಯ ಬೆನ್ನು ಮೇಲೆ ಕಾಣುವಂತೆ ಪೇಪರಿನ ನಡುವೆ ಹರಡಿ ಮೇಲೆ ಭಾರ ಇಡಿ. ಮೊದಲ ನಾಲ್ಕು ದಿನ ದಿನಾ ಪೇಪರ್ ಬದಲಿಸಬೇಕು, ಮಳೆಗಾಲದಲ್ಲಿ ಎರಡು ಸಲ. ಇಲ್ಲದಿದ್ದರೆ ಕಪ್ಪಾಗಿ ಬೂಸ್ಟು. ಒಂದೆಲಗ, ಹೊನಗೊನ್ನೆ, ತಗಚೆ ಇವಕ್ಕೂ ಮಾದರಿ ಇದ್ದರೆ ಒಳ್ಳೆಯದು. ಕಾಡುಗೆಣಸಿನ ಬಳ್ಳಿಗಳಿಗೆ ಮಾದರಿ ಬೇಕೇ ಬೇಕು, ಅದರಲ್ಲಿ ಕಹಿ ತೆಗೆಯದೆ ತಿನ್ನಬಾರದ ಬಗೆಗಳಿವೆ.


ಹೊಳೆದಂಡೆ

ಎಲ್ಲರಿಗೂ ಅನಂತ ಧನ್ಯವಾದ. ಪರೀಕ್ಷೆ ಮುಗಿಯುತ್ತ ಬಂತು. ಭತ್ತ ಮೂರೂ ಶೇ 90ರ ಮೇಲೆ. ಬಾಟಲಿ 17, ಬದನೆ: 25ಕ್ಕೆ 4. ಬಾಟಲಿ 9, ಬೆಂಡೆ: 14ನೇ ದಿನಕ್ಕೆ 25ಕ್ಕೆ 6, ಉಳಿದವು ಕೊಳೆಯದೆ ಗಟ್ಟಿಯಾಗಿ ಹಾಗೇ ಕೂತಿವೆ. ಇವೆರಡಕ್ಕೂ ಏನಾದರೂ ದಾರಿ ಇದೆಯೇ? ಅಜ್ಜಿ ಹೇಳುವ ಪ್ರಕಾರ ಆ ಬದನೆ ಬೇರೆ ಯಾರ ಮನೆಯಲ್ಲೂ ಇಲ್ಲ.


ಬೀಜಬುಟ್ಟಿ

ಬೆಂಡೆ ಸತ್ತಿಲ್ಲ, ಸಿಪ್ಪೆ ಗಟ್ಟಿಯಾಗಿ ನೀರು ಕುಡಿದಿಲ್ಲ. ಕಣ್ಣಿನ ಜಾಗ ಬಿಟ್ಟು ಬೇರೆ ಕಡೆ ಉಪ್ಪುಕಾಗದಕ್ಕೆ ಮೆಲ್ಲಗೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ಉಬ್ಬಿದವನ್ನು ಬಿತ್ತಿ.

ಬದನೆಯ ಆ ನಾಲ್ಕು ಮೊಳಕೆ ಎಸೆಯಬೇಡಿ! ಬಟ್ಟೆಗೆ ಬೇರು ಅಂಟಿದ್ದರೆ ಕೀಳದೆ ಬಟ್ಟೆಯ ಎಳೆ ಸಮೇತ ಕತ್ತರಿಸಿ ಕುಂಡಕ್ಕೆ ಹಾಕಿ. ಬಾಟಲಿಯಲ್ಲಿ ಉಳಿದ ಬೀಜವನ್ನೂ ಈಗಲೇ ಹಾಕಿ, ಮುಂದಿನ ವರ್ಷಕ್ಕೆ ಅದರಲ್ಲಿ ಜೀವ ಉಳಿಯುವುದಿಲ್ಲ. ಅರ್ಧ ತೆಂಗಿನ ನಾರಿನ ಪುಡಿ, ಅರ್ಧ ಜರಡಿ ಹಿಡಿದ ಹಳೆ ಗೊಬ್ಬರ, ಅರ್ಧ ಸೆಂ.ಮೀ. ಆಳ. ಸೂರಿನ ನೀರು ಚಿಮ್ಮದ ಜಾಗದಲ್ಲಿಡಿ. ಬದನೆ ಸಸಿ ಮಳೆಗಾಲದಲ್ಲಿ ಹೋಗುವುದು ಬುಡ ಕರಗುವ ರೋಗದಿಂದ. ನೀರು ಮೇಲಿಂದ ಹಾಕದೆ ತಟ್ಟೆಯಲ್ಲಿಟ್ಟು ಕೆಳಗಿನಿಂದ ಕುಡಿಸಿ. ಆರೇಳು ಗಿಡ ನಿಂತರೂ ತಳಿ ಉಳಿಯುತ್ತದೆ. ಬೀಜಕ್ಕೆ ಕಾಯಿ ಹಳದಿ ತಿರುಗಿ ಮೆತ್ತಗಾಗುವವರೆಗೆ ಗಿಡದಲ್ಲೇ ಬಿಡಿ. ಅದೊಂದು ತಳಿಯಿಂದ ಈ ವರ್ಷ ತಿನ್ನಲು ಕಾಯಿ ಕೊಯ್ಯಬೇಡಿ.


ಹಳೆಕಡತ

ಡೈರಿಗಳ ಬಗ್ಗೆ. ತುಕ್ಕು ಹಿಡಿದ ಪಿನ್ನು ಬಿಚ್ಚಿ ತೆಗೆಯಿರಿ, ಹರಿದಲ್ಲಿ ಸೆಲೋಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. 300 ಡಿಪಿಐಗೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಖಾಲಿ ಪುಟವನ್ನೂ ಬಿಡದೆ. ಅಕ್ಷರಕ್ಕೆ ಇಳಿಸುವಾಗ ಅವರ ಕಾಗುಣಿತ ತಿದ್ದಬೇಡಿ, ಓದಲಾಗದ ಪದಕ್ಕೆ ಚುಕ್ಕಿ ಬಿಡಿ. "ಆರಿದ್ರಾ 2" ಅಂತ ಇದ್ದರೆ ಬಹುಶಃ ಆ ಮಳೆಯ ಎರಡನೇ ಪಾದ. ಒಂದು ಮಳೆಗೆ ನಾಲ್ಕು ಪಾದ, ಪಾದಕ್ಕೆ ಸುಮಾರು ಮೂರೂವರೆ ದಿನ. "ಕೊಳಗ 6" ಅಂದರೆ ಎಷ್ಟು ಕಿಲೋ ಎನ್ನುವುದನ್ನು ಕೋಷ್ಟಕದಲ್ಲಿ ಹುಡುಕಬೇಡಿ, ಊರಿಂದೂರಿಗೆ ಕೊಳಗ ಬೇರೆ. ಆ ಮನೆಯ ಕೊಳಗ ಅಟ್ಟದಲ್ಲೋ ಪಣತದಲ್ಲೋ (ಭತ್ತದ ಕಣಜದಲ್ಲೋ) ಇದ್ದೇ ಇರುತ್ತದೆ. ಅದಕ್ಕೆ ಅದೇ ತಳಿಯ ಭತ್ತ ಸಮಮಟ್ಟಕ್ಕೆ ತುಂಬಿ ಒಮ್ಮೆ, ಕೂಡುವಷ್ಟು ರಾಶಿ ಮಾಡಿ ಒಮ್ಮೆ ತೂಗಿ, ಎರಡೂ ಬರೆದಿಡಿ.

ಬದುಕಿನ ವರ್ಷಗಳನ್ನು ಕೂರಿಸಲು ಇಸವಿ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೋ ಮೊದಲೋ (1964), ಗೇಣಿ ಕಾಯ್ದೆ ಬಂದಾಗಲೋ (1974), ಎಮರ್ಜೆನ್ಸಿ ಕಾಲವೋ (1975–77), ಅಂತ ಕೇಳಿ. ಹೆಚ್ಚು ಇಳುವರಿಯ ಹೊಸ ತಳಿಗಳಾದ ಐಆರ್ 8, ಜಯಾ ಭತ್ತ ಬಂದದ್ದು 1960ರ ದಶಕದ ಕೊನೆಗೆ. ಆಗಲೂ ಅಜ್ಜ ಯಾವ ನಾಡತಳಿ ಬಿಡಲಿಲ್ಲ, ಏಕೆ ಬಿಡಲಿಲ್ಲ ಅನ್ನುವುದು ಈ ಪುಸ್ತಕದ ಬಹುಮುಖ್ಯ ಅಧ್ಯಾಯವಾದೀತು. ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿ. "ಅಪಾರ ಜ್ಞಾನಿ", "ಪ್ರಕೃತಿ ಪ್ರೇಮಿ" ಎಂಬ ಮಾತು ಎಲ್ಲರಿಗೂ ಬರೆಯಬಹುದು. ಯಾವ ಬೇಲಿಗೆ ಯಾವ ಬಳ್ಳಿ ಹಬ್ಬಿಸಿದ್ದರು, ಕತ್ತಿ ಯಾವ ಕೈಯಲ್ಲಿ ಹಿಡಿಯುತ್ತಿದ್ದರು, ಮುರುಗಲು ಸಿಪ್ಪೆ ಒಣಗಿಸುವಾಗ ರಸ ಎಷ್ಟು ಸಲ ಸವರುತ್ತಿದ್ದರು ಎನ್ನುವುದು ಅವರೊಬ್ಬರದೇ.

ಕಾನೂನಿನ ಎರಡು ಮಾತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತರು ತಮ್ಮ ತಳಿಯನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು. ಬೀಜ ಇಟ್ಟುಕೊಳ್ಳುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕೂ ಅದರಲ್ಲಿದೆ. ನಿಮ್ಮದೇ ಭಾಗದ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಭತ್ತದ ತಳಿ ಗುರುತಿಸಲು ಅಲ್ಲಿ ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಅಜ್ಜನ ತಳಿಗಳು ಅದರಲ್ಲಿ ಸೇರಿವೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ.


ಕಾನಹಾದಿ

ಒಂದು ಮಾತು ಬಿಟ್ಟುಹೋಗಿತ್ತು. ಪುಸ್ತಕದಲ್ಲಿ ನಕ್ಷೆ ಹಾಕುವ ಯೋಚನೆ ಇದ್ದರೆ ಅಪ್ಪೆಮರ, ಉಪ್ಪಾಗೆ, ಹುತ್ತದ ಅಣಬೆ ಏಳುವ ಜಾಗ ಅದರಲ್ಲಿ ಬೇಡ. ಉಪ್ಪಾಗೆಗೆ ಬೆಲೆ ಬಂದಾಗ ಕಾಯಿ ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕಡಿದ ಮರಗಳು ಬೇಕಾದಷ್ಟಿವೆ. ಜಾಗದ ವಿವರವನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದು ಎರಡು ಪ್ರತಿ ಮಾಡಿ: ಒಂದು ಅಜ್ಜಿಯ ಮನೆಯಲ್ಲಿ, ಇನ್ನೊಂದು ಅಜ್ಜನ ಜೊತೆ ಕಾನು ತಿರುಗಿದವರ ಮನೆಯಲ್ಲಿ.

ಬೀಜ ಹಂಚುವಾಗಲೂ ಒಂದು ಪಟ್ಟಿ ಇರಲಿ. ಬಾಟಲಿಯ ನಂಬರು, ಒಯ್ದವರ ಮನೆ, ಎಷ್ಟು, ಯಾವ ದಿನ. ಒಂದು ತಳಿ ಕನಿಷ್ಠ ಮೂರು ಮನೆಗೆ, ಮೂರೂ ಒಂದೇ ಹಳ್ಳದ ಬಯಲಲ್ಲಿ ಬೇಡ. ನೆರೆ ಬಂದರೆ ಒಟ್ಟಿಗೇ ಹೋಗುತ್ತದೆ. ಒಂದು ಸೇರು ಒಯ್ದವರು ಸುಗ್ಗಿಗೆ ಎರಡು ಸೇರು ತಂದು ಅಜ್ಜಿಯ ಅಟ್ಟಕ್ಕೆ ಹಾಕಬೇಕು ಅಂತ ಈಗಲೇ ಮಾತಾಡಿಕೊಳ್ಳಿ. ಬದನೆಗೆ ಸೇರಿನ ಲೆಕ್ಕ ಬೇಡ, ಒಂದು ಬಲಿತ ಕಾಯಿ ಸಾಕು.